ಪೆಟ್ಟಿಗೆ ಬಿಟ್ಟು ಮಿಮಿಕ್‌ಗೆ ಬೇರೆ ಯಾವ ವೇಷ ಹಾಕಿಸಲಿ?

ಬೀದರ್_ಹುಡುಗ:
ನಾವು ಐದು ಜನ ಭಾನುವಾರ ಕೂತು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನೋ, ಪಾತ್ರ ವಹಿಸಿ ಕಥೆ ಕಟ್ಟೋ ಆಟ ಆಡುತ್ತೇವೆ, ಕಥೆ ನಡೆಸೋದು ನಾನು. ಈ ಸಲ ಕಥೆ ನಮ್ಮ ಬೀದರ್ ಕೋಟೆಯೊಳಗೆ. ಒಂದು ಮಿಮಿಕ್ (ವಸ್ತುವಿನ ವೇಷ ಹಾಕಿ ಕೂತು, ಮುಟ್ಟಿದವರನ್ನು ಹಿಡಿಯೋ ರಾಕ್ಷಸ) ಬಿಡೋಣ ಅಂದರೆ ಪೆಟ್ಟಿಗೆ ಕಂಡ ಕೂಡಲೇ ಎಲ್ಲರೂ ದೂರದಿಂದ ಕೋಲಲ್ಲಿ ತಿವಿಯುತ್ತಾರೆ. ಬೇರೆ ಏನಾದರೂ ಹೇಳಿ.

ಜೋಳದರೊಟ್ಟಿ:
ಪೆಟ್ಟಿಗೆಯೇ ಆಗಬೇಕು ಅಂತ ಎಲ್ಲಿದೆ? ಆಟದ ರಾಕ್ಷಸರ ಪುಸ್ತಕ, 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲೇ ಅದು ಕಲ್ಲು, ಮರದ ರೂಪ ತಾಳುತ್ತದೆ, ಬಾಗಿಲೂ ಆಗುತ್ತದೆ. ಮೈಯೆಲ್ಲ ಅಂಟು. ಬಿಸಿಲು ಮಾತ್ರ ತಡೆಯೋದಿಲ್ಲ, ಕಲಬುರಗಿ ಬೇಸಿಗೆಗೆ ಬಂದರೆ ಪಾಪ ಅದರ ಗತಿ!

ಹಳೇ_ಹೂಜಿ:
ಬಾಗಿಲು ಬೇಡ, ಬಿದ್ರಿ ಹೂಜಿ ಮಾಡಿ. ನಿಜವಾದ ಬಿದ್ರಿ ಅಂದರೆ ಸತು, ತಾಮ್ರದ ಮಿಶ್ರಣ, ಅದರ ಮೇಲೆ ಬೆಳ್ಳಿ ಕೆತ್ತನೆ. ಕೋಟೆ ಮಣ್ಣನ್ನು ನವಸಾಗರದ ಜೊತೆ ಕುದಿಸಿದ ನೀರು ತಾಗಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ನಿಮ್ಮ ಮಿಮಿಕ್ ಬಣ್ಣವನ್ನಷ್ಟೇ ನಕಲು ಮಾಡಿರಲಿ, ಆ ನೀರು ಚಿಮುಕಿಸಿದ ಕೂಡಲೇ ಬೆಳ್ಳಿ ಬಳ್ಳಿಯೂ ಕಪ್ಪಾಗಲಿ. ಗೊತ್ತಿದ್ದವನು ಬಚಾವ್, ಗೊತ್ತಿಲ್ಲದವನ ಕೈ ಹೂಜಿಗೆ ಅಂಟಿತು ಅಂತಲೇ ಲೆಕ್ಕ.

ಜೋಳದರೊಟ್ಟಿ:
ಹೂಜಿ ಸಣ್ಣದಾಯ್ತು ಅಲ್ವಾ? ಕೈ ಬಿಟ್ಟು ಮತ್ತೇನು ತಿನ್ನುತ್ತೆ?

ಹಳೇ_ಹೂಜಿ:
ಕೈ ಸಾಕು ಬಿಡಿ, ಕತ್ತಿ ಹಿಡಿಯೋ ಕೈ ಅದೇ.

ಬೀದರ್_ಹುಡುಗ:
ಹೂಜಿನೇ ಫಿಕ್ಸ್! ಒಂದೇ ತೊಂದರೆ, ನಮ್ಮಲ್ಲಿ ಒಬ್ಬನ ಮನೇಲಿ ಬಿದ್ರಿ ಕೆಲಸ ಮಾಡುತ್ತಾರೆ, ಅವನು ತಕ್ಷಣ ಹಿಡಿದುಬಿಡುತ್ತಾನೆ. ಆ ಹೊತ್ತಿಗೆ ಸರಿಯಾಗಿ ಅವನನ್ನು ಚಹಾ ತರೋಕೆ ಕಳಿಸಬೇಕು.