ತಂಗಿಗೆ ಮೈಟ್ರಲ್ ಕವಾಟ ಬದಲಿಸಬೇಕಂತೆ: ಲೋಹದ್ದು ಹಾಕಿಸಬೇಕೋ, ಜೈವಿಕ ಕವಾಟವೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 26 ವರ್ಷ. ಮದುವೆಯಾಗಿ ಎರಡು ವರ್ಷವಾಗಿದೆ, ಮಕ್ಕಳಿಲ್ಲ. ಅವಳಿಗೆ ಹನ್ನೊಂದು ವರ್ಷವಿದ್ದಾಗ ಜ್ವರ ಬಂದು, ಮಂಡಿ ಮತ್ತು ಮೊಣಕೈ ಒಂದಾದ ಮೇಲೊಂದು ಬಾತುಕೊಂಡಿದ್ದವು. ಹೃದಯದ ಕವಾಟಗಳನ್ನು ಕೆಡಿಸಬಲ್ಲ ರುಮ್ಯಾಟಿಕ್ ಜ್ವರವೆಂದು ಹೇಳಿ, ಅದು ಮರುಕಳಿಸದಿರಲೆಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಲು ಸೂಚಿಸಿದ್ದರು. ಮೂರು ವರ್ಷ ಹಾಕಿಸಿದೆವು. ಆಮೇಲೆ ಹುಡುಗಿ ಚೆನ್ನಾಗಿಯೇ ಓಡಾಡುತ್ತಿದ್ದಾಳೆಂದು ನಾವೇ ನಿಲ್ಲಿಸಿದೆವು. ಹದಿನಾರನೆಯ ವಯಸ್ಸಿನಲ್ಲಿ ಏದುಸಿರು ಶುರುವಾದಾಗ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿದರೆ, ಹೃದಯದ ಎಡಭಾಗದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಬಿಡುವ ಮೈಟ್ರಲ್ ಕವಾಟ ಕಿರಿದಾಗಿತ್ತು. ಬೆಂಗಳೂರಿನಲ್ಲಿ, ರಕ್ತನಾಳದ ಮೂಲಕ ಬಲೂನ್ ಕಳಿಸಿ ಕವಾಟವನ್ನು ಅಗಲಿಸುವ ಬಲೂನ್ ಚಿಕಿತ್ಸೆ ಮಾಡಿಸಿದ ನಂತರ ಸುಮಾರು ಒಂಬತ್ತು ವರ್ಷ ಯಾವ ತೊಂದರೆಯೂ ಇರಲಿಲ್ಲ.

ಈಗ ಪುನಃ ಅಂಗಳದಿಂದ ತೋಟಕ್ಕೆ ಇಳಿದು ಹತ್ತುವಷ್ಟರಲ್ಲಿ ಮೂರು ಸಲ ನಿಲ್ಲುತ್ತಾಳೆ, ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಾಳೆ. ಹೊಸ ಎಕೋ ವರದಿಯಲ್ಲಿ ಕವಾಟದ ದ್ವಾರ 0.9 ಚದರ ಸೆಂಟಿಮೀಟರ್, ಸೋರಿಕೆ ಮೂರನೆಯ ದರ್ಜೆ, ವಿಲ್ಕಿನ್ಸ್ ಅಂಕ 11 ಎಂದು ಬರೆದಿದ್ದಾರೆ. ಇನ್ನೊಮ್ಮೆ ಬಲೂನ್ ಮಾಡಲು ಬರುವುದಿಲ್ಲ, ಎದೆ ತೆರೆದು ಕವಾಟವನ್ನೇ ಬದಲಿಸಬೇಕು, ಲೋಹದ್ದು ಬೇಕೋ ಜೈವಿಕ ಕವಾಟ ಬೇಕೋ ಎಂಬುದನ್ನು ಮನೆಯವರು ಯೋಚಿಸಿ ಬನ್ನಿ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಇದನ್ನು ನಾವು ಏನೆಂದು ಯೋಚಿಸಬೇಕು? ನಮ್ಮೂರು ತೀರ್ಥಹಳ್ಳಿಯ ಹತ್ತಿರ, ರಕ್ತಪರೀಕ್ಷೆಗೆ ಶಿವಮೊಗ್ಗಕ್ಕೇ ಹೋಗಬೇಕು. ಬಲೂನ್ ಏಕೆ ಆಗುವುದಿಲ್ಲವೆಂಬುದೂ ನಮಗೆ ಸರಿಯಾಗಿ ಅರ್ಥವಾಗಿಲ್ಲ.

ಹಳೆಯ ಪಂಪಿನವನು

ನಾನು ವೈದ್ಯನಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹೃದಯ-ಶ್ವಾಸಕೋಶ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ಆಗಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು. ಕಂಡದ್ದನ್ನು ಹೇಳುತ್ತೇನೆ, ನಿರ್ಧಾರ ನಿಮ್ಮ ಶಸ್ತ್ರವೈದ್ಯರದ್ದೇ ಆಗಿರಲಿ.

ಬಲೂನಿನ ಮಾತು ಮೊದಲು. ಆರೋಗ್ಯವಂತರ ಮೈಟ್ರಲ್ ಕವಾಟದ ದ್ವಾರ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದರ ಎರಡು ಎಸಳುಗಳು ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿ, ಮೆತ್ತಗೆ ಇರುತ್ತವೆ. ರುಮ್ಯಾಟಿಕ್ ಕಾಯಿಲೆಯಲ್ಲಿ ಅವುಗಳ ಅಂಚುಗಳು ಬೆಸೆದುಕೊಳ್ಳುತ್ತವೆ. ಆ ಬೆಸುಗೆಯನ್ನು ಬಿಡಿಸುವುದಷ್ಟೇ ಬಲೂನಿನ ಕೆಲಸ. ಜಪಾನಿನ ಕಾಂಜಿ ಇನೊವೆ 1982ರಲ್ಲಿ ಇದನ್ನು ಮೊದಲು ಮಾಡಿ 1984ರಲ್ಲಿ ಪ್ರಕಟಿಸಿದರು. ನಮ್ಮ ಜಯದೇವ ಸಂಸ್ಥೆಯಲ್ಲಿ ಇದೇ ವಿಧಾನದಿಂದ ಸಾವಿರಾರು ಜನ ಎದೆ ಕೊಯ್ಸಿಕೊಳ್ಳದೆ ಮನೆಗೆ ಹೋಗಿದ್ದಾರೆ. ಆದರೆ ಎಸಳೇ ಗಡುಸಾಗಿ, ಸುಣ್ಣ ಕಟ್ಟಿ, ಕೆಳಗಿನಿಂದ ಹಿಡಿದಿರುವ ತಂತುಗಳೂ ಮುದುಡಿ ಅಂಟಿಕೊಂಡಿದ್ದರೆ, ಬಲೂನ್ ಉಬ್ಬಿಸಿದಾಗ ಬೆಸುಗೆ ಬಿಡುವ ಬದಲು ಎಸಳೇ ಹರಿಯಬಹುದು. ವಿಲ್ಕಿನ್ಸ್ ಅಂಕ ಅಳೆಯುವುದು ಇದನ್ನೇ: ಎಸಳಿನ ಚಲನೆ, ದಪ್ಪ, ಸುಣ್ಣ, ಕೆಳಗಿನ ತಂತುಗಳ ಸ್ಥಿತಿ, ಈ ನಾಲ್ಕಕ್ಕೂ ತಲಾ ನಾಲ್ಕರವರೆಗೆ ಅಂಕ. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಲೂನಿಗೆ ಅನುಕೂಲ. ನಿಮ್ಮ ತಂಗಿಯದು 11, ಮೇಲಾಗಿ ಸೋರಿಕೆಯೂ ಇದೆ. ಇರುವ ಕವಾಟವನ್ನೇ ರಿಪೇರಿ ಮಾಡುವ ಶಸ್ತ್ರಚಿಕಿತ್ಸೆಯೂ ಇದೆಯಾದರೂ ತಂತುಗಳು ಇಷ್ಟು ಕೆಟ್ಟಿದ್ದರೆ ಅದು ಬಹುಕಾಲ ನಿಲ್ಲುವುದು ಕಷ್ಟ. ಒಂದು ಮಾತು ಕೇಳಿ ನೋಡಿ.

ಕತ್ತರಿಸಿ ತೆಗೆದ ಇಂಥ ಕವಾಟಗಳನ್ನು ನಾನು ಟ್ರೇಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೀವು ಅಡಿಕೆ ತೋಟದವರಾದ್ದರಿಂದ ಹೇಳುತ್ತೇನೆ: ಬಿಸಿಲಿಗೆ ಒಣಗಿ ಸೆಟೆದ ಅಡಿಕೆ ಹಾಳೆಯ ತುಂಡಿನಂತಿರುತ್ತದೆ, ನಡುವೆ ಗುಂಡಿಯ ಕಾಜಿನಷ್ಟು ಸೀಳು. ಇಷ್ಟು ದಿನ ಇದರ ಮೂಲಕವೇ ಮೈಯ ರಕ್ತವೆಲ್ಲ ಹಾದುಹೋಯಿತೇ ಎಂದು ಪ್ರತಿ ಸಲವೂ ಆಶ್ಚರ್ಯವಾಗುತ್ತಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲೋಹದ ಕವಾಟ ಸವೆಯುವುದಿಲ್ಲವೆಂದೇ ಹೇಳಬಹುದು, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಅದರ ಪ್ರಮಾಣ ಸರಿಯಿದೆಯೇ ಎಂದು ಆಗಾಗ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಹಸುವಿನ ಹೃದಯದ ಹೊರಪೊರೆಯಿಂದ ಅಥವಾ ಹಂದಿಯ ಕವಾಟದಿಂದ ಮಾಡಿದ ಜೈವಿಕ ಕವಾಟಕ್ಕೆ ಸಾಮಾನ್ಯವಾಗಿ ಮೊದಲ ಮೂರರಿಂದ ಆರು ತಿಂಗಳು ಮಾತ್ರೆ ಸಾಕು, ಆದರೆ ಅದು ಹಾಳಾಗುತ್ತದೆ. ವಯಸ್ಸಾದವರಲ್ಲಿ ಹತ್ತು ಹದಿನೈದು ವರ್ಷ ಬಾಳುವುದು, ಎಳೆಯರ ದೇಹದಲ್ಲಿ ಅದಕ್ಕಿಂತ ಬೇಗ ಸುಣ್ಣ ಕಟ್ಟಿಕೊಳ್ಳುತ್ತದೆ. ಆಗ ಎರಡನೆಯ ಸಲ ಎದೆ ತೆರೆಯಬೇಕಾಗಬಹುದು. ಮೊದಲ ಸಲ ಎದೆಮೂಳೆ ಸೀಳುವುದು ಕೆಲವೇ ನಿಮಿಷಗಳ ಕೆಲಸ. ಎರಡನೆಯ ಸಲ ಹೃದಯವು ಮೂಳೆಯ ಹಿಂಬದಿಗೆ ಅಂಟಿಕೊಂಡಿರುವುದುಂಟು. ಅಂಥ ದಿನಗಳಲ್ಲಿ, ಹೃದಯಕ್ಕೆ ಏಟು ಬಿದ್ದರೆ ತಕ್ಷಣ ಯಂತ್ರಕ್ಕೆ ಜೋಡಿಸಲೆಂದು, ಮೂಳೆಗೆ ಗರಗಸ ತಾಗಿಸುವ ಮೊದಲೇ ತೊಡೆಯ ರಕ್ತನಾಳಗಳನ್ನು ಸಿದ್ಧಮಾಡಿಕೊಂಡು, ಪಂಪಿನ ನಳಿಕೆಗಳಲ್ಲಿ ದ್ರವ ತುಂಬಿಸಿಟ್ಟುಕೊಂಡು, ನಾವು ಯಾರೂ ಮಾತನಾಡದೆ ಕುಳಿತಿರುತ್ತಿದ್ದೆವು.

ಒಂದು ವಿಷಯ ತಿಳಿಸಿ: ಇಸಿಜಿಯಲ್ಲಿ ಹೃದಯದ ಲಯ ಕ್ರಮವಾಗಿದೆಯೇ, ಅಥವಾ ಏಟ್ರಿಯಲ್ ಫಿಬ್ರಿಲೇಶನ್ ಎಂದು ಬರೆದಿದ್ದಾರೆಯೇ? ಲಯ ತಪ್ಪಿದ್ದರೆ ಕವಾಟ ಯಾವುದೇ ಇರಲಿ, ಮಾತ್ರೆ ತಪ್ಪುವುದಿಲ್ಲ. ಆಗ ಜೈವಿಕ ಕವಾಟದ ದೊಡ್ಡ ಅನುಕೂಲವೇ ಇಲ್ಲವಾಗುತ್ತದೆ.

ತುಂಗಾತೀರ

ತುಂಬಾ ಧನ್ಯವಾದ ಸರ್. ಲಯ ಕ್ರಮವಾಗಿಯೇ ಇದೆ ಎಂದು ಬರೆದಿದ್ದಾರೆ. ಎಡ ಹೃತ್ಕರ್ಣ ಹಿಗ್ಗಿದೆ, ಆದರೆ ಒಳಗೆ ಹೆಪ್ಪು ಇಲ್ಲವಂತೆ. ರಿಪೇರಿಯ ವಿಷಯ ನಮಗೆ ಯಾರೂ ಹೇಳಿರಲಿಲ್ಲ, ಕೇಳುತ್ತೇವೆ.

ಕರಾವಳಿ ಇಂಜಿನಿಯರ್

ವೈದ್ಯಕೀಯ ಉಪಕರಣಗಳ ವಸ್ತುವಿಜ್ಞಾನ ನನ್ನ ಕ್ಷೇತ್ರ. ಲೋಹದ ಕವಾಟ ಎಂದೊಡನೆ ವಿದೇಶದಿಂದ ತರಿಸಿದ್ದೇ ಆಗಬೇಕೆಂದು ಅನೇಕರು ಭಾವಿಸುತ್ತಾರೆ, ಆದ್ದರಿಂದ ಒಂದಿಷ್ಟು ಹಿನ್ನೆಲೆ ಹೇಳಬೇಕೆನ್ನಿಸಿತು.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ, ಜಿ. ಎಸ್. ಭುವನೇಶ್ವರ್ ಮೊದಲಾದ ಇಂಜಿನಿಯರುಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದಕ್ಕಾಗಿ ದುಡಿದರು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಎಂದರೆ ಕವಾಟದ ಚೌಕಟ್ಟಿನೊಳಗೆ ಬಾಗಿಲಿನಂತೆ ಆಡುವ ಬಿಲ್ಲೆ ವರ್ಷಕ್ಕೆ ಮೂರೂವರೆ ಕೋಟಿಗಿಂತ ಹೆಚ್ಚು ಸಲ ತೆರೆದು ಮುಚ್ಚಬೇಕು, ಸವೆಯಬಾರದು, ಒಡೆಯಬಾರದು, ರಕ್ತಕಣಗಳನ್ನು ಜಜ್ಜಬಾರದು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಬಿಲ್ಲೆಗೆ ಕೃತಕ ನೀಲಮಣಿಯನ್ನು ಬಳಸಿ ನೋಡಿ ಅದನ್ನೂ ಕೈಬಿಟ್ಟರು. ನಾಲ್ಕನೆಯ ಮಾದರಿಯಲ್ಲಿ ಚೌಕಟ್ಟಿಗೆ ಕೋಬಾಲ್ಟ್ ಮಿಶ್ರಲೋಹವನ್ನೂ ಬಿಲ್ಲೆಗೆ ಅತ್ಯಧಿಕ ಅಣುಭಾರದ ಪಾಲಿಎಥಿಲೀನನ್ನೂ ಬಳಸಿದರು. ನೀಲಮಣಿ ಹೋಗಿ ಒಂದು ಬಗೆಯ ಪ್ಲಾಸ್ಟಿಕ್ ಗೆದ್ದದ್ದು ನನಗೆ ಇಂದಿಗೂ ಬಲು ಇಷ್ಟವಾದ ಸಂಗತಿ. ಪ್ಲಾಸ್ಟಿಕ್ ಬಿಲ್ಲೆಯಾದ್ದರಿಂದ ಸದ್ದೂ ಕಡಿಮೆ. ಕುರಿಗಳಲ್ಲಿ ಪರೀಕ್ಷಿಸಿದ ಮೇಲೆ 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದರು. ಟಿಟಿಕೆ ಕಂಪನಿ ತಯಾರಿಸುವ ಈ ಚಿತ್ರಾ ಕವಾಟವನ್ನು ಇಂದಿನವರೆಗೆ ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಲಾಗಿದೆ. ವಲಿಯತ್ತಾನ್ ಅವರು ಆಮೇಲೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು ಅಲ್ಲಿಯೇ ನೆಲೆಸಿದ್ದರು. 2024ರ ಜುಲೈಯಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಇನ್ನು ನಿಮ್ಮ ತಂಗಿಯ ವಿಷಯದಲ್ಲಿ ತಾಯ್ತನದ ಪ್ರಶ್ನೆಯನ್ನು ಎಲ್ಲಕ್ಕಿಂತ ಮುಂದಿಟ್ಟು ಮಾತನಾಡಬೇಕು. ಲೋಹದ ಕವಾಟದಲ್ಲಿ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಮಾತ್ರೆ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಅದನ್ನು ನಿಲ್ಲಿಸಿ ಹೆಪಾರಿನ್ ಚುಚ್ಚುಮದ್ದಿಗೆ ಬದಲಾಯಿಸಿದರೆ ಶಿಶುವಿಗೆ ಕ್ಷೇಮ, ಆದರೆ ತಾಯಿಯ ಕವಾಟದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚುತ್ತದೆ. 2015ರಲ್ಲಿ ಪ್ರಕಟವಾದ ಯುರೋಪಿನ ಹೃದ್ರೋಗ ಸಂಘದ ಗರ್ಭಿಣಿಯರ ನೋಂದಣಿಯಲ್ಲಿ, ಲೋಹದ ಕವಾಟವಿದ್ದ 212 ಮಹಿಳೆಯರ ಪೈಕಿ ಶೇ. 58ರಷ್ಟು ಮಂದಿಗೆ ಮಾತ್ರ ಗಂಭೀರ ತೊಡಕಿಲ್ಲದೆ ಮಗು ಜೀವಂತವಾಗಿ ಹುಟ್ಟಿತು. ಜೈವಿಕ ಕವಾಟದವರಲ್ಲಿ ಆ ಪ್ರಮಾಣ ಶೇ. 79. ಈ ವ್ಯತ್ಯಾಸವನ್ನು ಯಾವ ಲೆಕ್ಕದಲ್ಲೂ ಸಣ್ಣದೆನ್ನಲಾಗದು.

ಆದರೂ ಒಂದು ಎಚ್ಚರಿಕೆಯ ಮಾತು. ಕವಾಟಗಳ ಆಯ್ಕೆಯ ಮಾರ್ಗಸೂಚಿಗಳು ಮೂಡಿದ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳ ಹಿರಿಯ ವಯಸ್ಸಿನವರ ಮೇಲೆ ನಡೆದವು. ಇಪ್ಪತ್ತಾರರ ಹೆಣ್ಣುಮಗಳು, ರುಮ್ಯಾಟಿಕ್ ಕಾಯಿಲೆ, ಪರೀಕ್ಷಾಲಯ ಅರವತ್ತು ಕಿಲೋಮೀಟರ್ ದೂರ ಎಂಬ ರೋಗಿ ಆ ಕೋಷ್ಟಕಗಳಲ್ಲಿ ಬಹಳ ಇಲ್ಲ.

ಮೈಸೂರು ಮಲ್ಲಿಗೆ77

ನಮ್ಮ ಮಾವನವರಿಗೆ ಹೃದಯದ ಲಯ ತಪ್ಪಿದೆಯೆಂದು ರಕ್ತ ತೆಳುವಾಗಿಸುವ ಹೊಸ ಮಾತ್ರೆ ಕೊಟ್ಟಿದ್ದಾರೆ. ಅದಕ್ಕೆ ತಿಂಗಳಿಗೊಮ್ಮೆ ರಕ್ತಪರೀಕ್ಷೆಯ ಗೊಡವೆಯೇ ಇಲ್ಲ. ಲೋಹದ ಕವಾಟ ಹಾಕಿಸಿ ಆ ಮಾತ್ರೆಯನ್ನೇ ಕೊಡಬಹುದಲ್ಲವೇ? ಶಿವಮೊಗ್ಗಕ್ಕೆ ಓಡಾಡುವುದು ತಪ್ಪುತ್ತದೆ.

ಕರಾವಳಿ ಇಂಜಿನಿಯರ್

ದಯವಿಟ್ಟು ಬೇಡ. ಲೋಹದ ಕವಾಟವಿದ್ದವರಿಗೆ ಡಾಬಿಗಟ್ರಾನ್ ಎಂಬ ಅಂಥದೇ ಹೊಸ ಮಾತ್ರೆ ಕೊಟ್ಟು ನೋಡಿದ ಅಧ್ಯಯನವನ್ನು ಹೆಪ್ಪುಗಟ್ಟುವಿಕೆ ಮತ್ತು ರಕ್ತಸ್ರಾವ ಎರಡೂ ಹೆಚ್ಚಾದ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ. 2022ರಲ್ಲಿ ಬಂದ ಇನ್‌ವಿಕ್ಟಸ್ ಅಧ್ಯಯನದಲ್ಲಿ ರುಮ್ಯಾಟಿಕ್ ಹೃದ್ರೋಗದೊಂದಿಗೆ ಲಯವೂ ತಪ್ಪಿದ್ದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರಿದ್ದರು, ಭಾರತದವರೂ ಇದ್ದರು. ಅಲ್ಲಿಯೂ ರಿವರೋಕ್ಸಬಾನ್ ಎಂಬ ಇನ್ನೊಂದು ಹೊಸ ಮಾತ್ರೆ ಪಡೆದವರಿಗಿಂತ ವಾರ್ಫರಿನ್‌ನಂಥ ಹಳೆಯ ಮಾತ್ರೆ ಪಡೆದವರೇ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದರು. ನಿಮ್ಮ ಮಾವನವರ ಕಾಯಿಲೆ ಬೇರೆ, ಅವರಿಗೆ ಕೊಟ್ಟದ್ದು ಸರಿಯೇ ಇರಬಹುದು.

ಬಯಲುಸೀಮೆ ಟೀಚರ್

ನನಗೆ ಲೋಹದ ಮೈಟ್ರಲ್ ಕವಾಟ ಹಾಕಿಸಿ ಹದಿನೇಳು ವರ್ಷವಾಯಿತು. ಮಗ ಹುಟ್ಟಿದ ಮೇಲೆಯೇ ಶಸ್ತ್ರಚಿಕಿತ್ಸೆಯಾದದ್ದರಿಂದ ಗರ್ಭದ ವಿಷಯದಲ್ಲಿ ನಾನು ಮಾತನಾಡಲಾರೆ. ಮಾತ್ರೆಯೊಂದಿಗೆ ಬಾಳುವುದು ಹೇಗೆಂಬುದನ್ನು ಹೇಳಬಲ್ಲೆ.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಎಂಬ ಪರೀಕ್ಷೆಯಲ್ಲಿ ನನ್ನ ಅಂಕ 2.5ರಿಂದ 3.5ರೊಳಗೆ ಇರಬೇಕು. ಕಡಿಮೆಯಾದರೆ ಕವಾಟಕ್ಕೆ ಅಪಾಯ, ಹೆಚ್ಚಾದರೆ ರಕ್ತಸ್ರಾವ. ಒಮ್ಮೆ ಹಲ್ಲುನೋವಿಗೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಕೊಟ್ಟ ಮೆಟ್ರೊನಿಡಜೋಲ್ ಮತ್ತು ನೋವಿನ ಮಾತ್ರೆಯನ್ನು, ನಾನು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೇನೆಂದು ಹೇಳದೆಯೇ ನುಂಗಿಬಿಟ್ಟೆ. ಐದನೆಯ ದಿನ ಬೆಳಿಗ್ಗೆ ಹಲ್ಲುಜ್ಜಿದರೆ ಬೇಸಿನ್ ಕೆಂಪಾಯಿತು, ಐಎನ್‌ಆರ್ 6.8 ಇತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದೆ. ಅಂದಿನಿಂದ ಯಾರು ಯಾವ ಮಾತ್ರೆ ಕೊಟ್ಟರೂ, ಕಷಾಯ ಕೊಟ್ಟರೂ, ಮೊದಲು ನನ್ನ ಹೃದ್ರೋಗ ವೈದ್ಯರನ್ನು ಕೇಳದೆ ಬಾಯಿಗೆ ಹಾಕುವುದಿಲ್ಲ.

ಸೊಪ್ಪು ಈ ಮಾತ್ರೆಯ ಬಲ ಕುಗ್ಗಿಸುತ್ತದೆ, ಅದನ್ನು ಬಿಡಬೇಕೆಂದು ಹಲವರು ಹೆದರಿಸುತ್ತಾರೆ. ಬಿಡಬೇಕಾಗಿಲ್ಲ. ನನಗೆ ಹೇಳಿಕೊಟ್ಟದ್ದು, ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕೆಂದು. ಒಂದು ವಾರ ದಿನವೂ ನುಗ್ಗೆಸೊಪ್ಪಿನ ಪಲ್ಯ, ಮರುವಾರ ಏನೂ ಇಲ್ಲ ಎಂದಾದರೆ ಅಂಕ ಏರಿಳಿಯುತ್ತದೆ.

ಇನ್ನೊಂದು, ಸದ್ದು. ನನ್ನದು ಬೇರೆ ತಯಾರಿಕೆಯ ಕವಾಟ. ಮನೆಯೆಲ್ಲ ಮಲಗಿದ ಮೇಲೆ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎನ್ನುವುದು ನನಗೆ ಕೇಳಿಸುತ್ತದೆ. ಮೊದಲ ತಿಂಗಳು ನಿದ್ದೆಯೇ ಬರುತ್ತಿರಲಿಲ್ಲ, ಈಗ ಕೇಳಿಸದಿದ್ದರೆ ಗಾಬರಿಯಾಗುತ್ತದೆ. ಮಗ ಚಿಕ್ಕವನಿದ್ದಾಗ ನನ್ನ ಎದೆಗೆ ಕಿವಿಯಿಟ್ಟು ಅಮ್ಮ ನುಂಗಿದ ಕೈಗಡಿಯಾರ ಎನ್ನುತ್ತಿದ್ದ.

ಕವಾಟ ಯಾವುದೇ ಆಗಲಿ, ಪೆನಿಸಿಲಿನ್ ಮುಂದುವರಿಸುವ ಬಗ್ಗೆ ಕೇಳಲು ಮರೆಯಬೇಡಿ. ಹೊಸ ಕವಾಟ ಬಂದರೂ ರುಮ್ಯಾಟಿಕ್ ಜ್ವರ ಮರುಕಳಿಸುವ ಭಯ ತಪ್ಪುವುದಿಲ್ಲ, ಉಳಿದ ಕವಾಟಗಳೂ ಇವೆಯಲ್ಲ.

ಹಳೆಯ ಪಂಪಿನವನು

ಟೀಚರ್ ಹೇಳಿದ ಕೊನೆಯ ಮಾತಿಗೆ ಒಂದು ಸೇರ್ಪಡೆ: ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ನಾಯುವಿಗೆ ಸೂಜಿ ಹಾಕುವಾಗ ಹೆಚ್ಚಿನ ಎಚ್ಚರ ಬೇಕು. ಕೆಲವರಿಗೆ ಬಾಯಿಯ ಮೂಲಕ ಪೆನಿಸಿಲಿನ್ ಕೊಡುತ್ತಾರೆ. ಅದನ್ನೂ ವೈದ್ಯರೇ ಹೇಳಲಿ. ಮತ್ತೆ, ಜೈವಿಕ ಕವಾಟ ಹಾಳಾದಾಗ ಅದರೊಳಗೇ ಇನ್ನೊಂದನ್ನು ರಕ್ತನಾಳದ ಮೂಲಕ ಕೂರಿಸುವ ವಿಧಾನ ಈಗ ಬಂದಿದೆ, ಹಾಗಾಗಿ ಎರಡನೆಯ ಸಲ ಎದೆ ತೆರೆಯಲೇಬೇಕೆಂದಿಲ್ಲ. ಅದು ಬಹಳ ದುಬಾರಿ, ಮೊದಲು ಹಾಕಿದ ಕವಾಟದ ಅಳತೆ ಚಿಕ್ಕದಾಗಿದ್ದರೆ ಸಾಧ್ಯವಾಗದೆಯೂ ಇರಬಹುದು. ಈಗ ಹಾಕುವ ಕವಾಟದ ಅಳತೆಯನ್ನು ಬಿಡುಗಡೆಯ ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಿ.

ತುಂಗಾತೀರ

ಎಲ್ಲರ ಉತ್ತರಗಳನ್ನೂ ತಂಗಿಗೂ ಭಾವನಿಗೂ ಓದಿ ಹೇಳಿದೆ. ಇಷ್ಟು ದಿನ ನಾವು ಅವಳ ಎದುರಿಗೆ ಮಕ್ಕಳ ವಿಷಯ ಎತ್ತಿರಲೇ ಇಲ್ಲ. ನಿನ್ನೆ ಅವಳೇ, ಮಗು ಬೇಕು, ಹದಿನೈದು ವರ್ಷದ ಮೇಲೆ ಮತ್ತೊಮ್ಮೆ ಎದೆ ಕೊಯ್ಸಿಕೊಳ್ಳಲೂ ಸಿದ್ಧ ಎಂದಳು. ಅಮ್ಮ ಮಾತ್ರ ಎರಡನೆಯ ಶಸ್ತ್ರಚಿಕಿತ್ಸೆಯೆಂದರೆ ಬೇಡವೇ ಬೇಡ ಎನ್ನುತ್ತಿದ್ದಾರೆ. ಮಂಗಳವಾರ ಅಮ್ಮನನ್ನೂ ಕರೆದುಕೊಂಡು ಬೆಂಗಳೂರಿಗೆ ಹೊರಟಿದ್ದೇವೆ. ರಿಪೇರಿ, ಕವಾಟದ ಅಳತೆ, ಪೆನಿಸಿಲಿನ್, ಈ ಮೂರನ್ನೂ ಎಕೋ ವರದಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.