ಕರ್ನಲ್‌ನಲ್ಲಿ ವಿಎಂಎ ಇಡಲು ಲಿಸ್ಟಾ, ಟ್ರೀಯಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ (ಉಡುಪಿಯಿಂದ): ಕೊನೆಯ ವರ್ಷದ ಪ್ರಾಜೆಕ್ಟಿಗೆ ರಿಸ್ಕ್-ಫೈವ್ ಪ್ರೊಸೆಸರಿನ ಬೋರ್ಡ್ ಮೇಲೆ ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬರೆಯುತ್ತಿದ್ದೇನೆ. ಒಂದು ಪ್ರೊಸೆಸ್‌ಗೆ ಹೆಚ್ಚೆಂದರೆ 30 ವಿಎಂಎ, ಅಂದರೆ ಅದರ ಮೆಮೊರಿಯ ಒಂದೊಂದು ತುಂಡು ಎಲ್ಲಿಂದ ಎಲ್ಲಿಗೆ, ಏನು ಅನುಮತಿ ಅಂತ ಬರೆದಿಡುವ ದಾಖಲೆ. ಲಿಂಕ್ಡ್ ಲಿಸ್ಟ್, ರೆಡ್-ಬ್ಲ್ಯಾಕ್ ಟ್ರೀ (ತಾನೇ ಸಮತೋಲನ ಮಾಡಿಕೊಳ್ಳುವ ಬೈನರಿ ಟ್ರೀ), ಮೇಪಲ್ ಟ್ರೀ (ಒಂದು ನೋಡ್‌ನಲ್ಲಿ ಹಲವು ಎಂಟ್ರಿ ಇಡುವಂಥದ್ದು), ಯಾವುದು ಹಾಕಲಿ? ಡೆಮೋಗೆ ಐದು ವಾರ ಉಂಟು.

ಸುರತ್ಕಲ್ ಸೆಗ್‌ಫಾಲ್ಟ್: ರೆಡ್-ಬ್ಲ್ಯಾಕ್ ಹೆಸರು ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇನ್ಸರ್ಟ್ ಎರಡು ದಿನದಲ್ಲಿ ಮುಗಿಯಿತು. ಡಿಲೀಟ್ ತಿಂದದ್ದು ಹತ್ತೊಂಬತ್ತು ದಿನ. ಪಠ್ಯಪುಸ್ತಕದ ಹಾಗೆ ಎಲೆಗಳಿಗೆಲ್ಲ ಒಂದೇ 'ನಿಲ್' ನೋಡ್ ಇಟ್ಟಿದ್ದೆ. ಬುದ್ಧಿವಂತಿಕೆ ಅಂತ ಅದನ್ನು ಗ್ಲೋಬಲ್ ಮಾಡಿ ಎಲ್ಲ ಪ್ರೊಸೆಸ್‌ಗಳ ಟ್ರೀಗೂ ಹಂಚಿದೆ. ಒಂದು ಕೋರ್‌ನಲ್ಲಿ ಚಂದ ಓಡಿತು. ಎರಡನೇ ಕೋರ್ ಎಬ್ಬಿಸಿದ್ದೇ ತಡ, ಯಾವುದೋ ಪ್ರೊಸೆಸ್‌ನ ಟ್ರೀ ಇನ್ಯಾವುದಕ್ಕೋ ಜೋತುಬಿತ್ತು. ಡಿಲೀಟ್ ಮಾಡುವಾಗ ನಿಲ್‌ನ ಪೇರೆಂಟ್ ಪಾಯಿಂಟರಿಗೂ ಬರೆಯುತ್ತೇವಲ್ಲ, ಪ್ರತಿ ಟ್ರೀಗೆ ಅದರದ್ದೇ ಲಾಕ್, ನಿಲ್‌ಗೆ ಯಾರದ್ದೂ ಇಲ್ಲ. ಆಟಿಯ ಮಳೆ ಬೇರೆ, ಕರೆಂಟ್ ಹೋದಾಗಲೆಲ್ಲ ಲಾಗ್ ಢಮಾರ್. ಕೊನೆಗೆ ಲಿನಕ್ಸ್‌ನ ಆರ್‌ಬಿಟ್ರೀ (ಅವರ ರೆಡ್-ಬ್ಲ್ಯಾಕ್ ಕೋಡ್) ತೆರೆದು ನೋಡಿದರೆ ಅಲ್ಲಿ ನಿಲ್ ನೋಡೇ ಇಲ್ಲ, ಬರೀ ನಲ್ ಪಾಯಿಂಟರ್!

ಕದ್ರಿ ಕರ್ನಲ್: ಅದು ಟ್ರೀಯ ತಪ್ಪಲ್ಲ ಮಾರಾಯ್ರೆ, ನಿಮ್ಮದು. ಲಿನಕ್ಸ್ 2022ರ ಡಿಸೆಂಬರ್‌ನಲ್ಲೇ, 6.1ರಲ್ಲಿ, ಆರ್‌ಬಿಟ್ರೀ, ಲಿಸ್ಟ್, ವಿಎಂಎ ಕ್ಯಾಶ್ ಮೂರನ್ನೂ ಕಿತ್ತು ಮೇಪಲ್ ಕೂರಿಸಿತು. 256 ಬೈಟಿನ ನೋಡ್, ಎಲೆಯಲ್ಲಿ 16 ಎಂಟ್ರಿ. ನಾನು ಅದನ್ನೇ ಬೋರ್ಡಿಗೆ ಇಳಿಸಿದವ. ಲಾಕ್ ಇಲ್ಲದೆ ಓದಲು ಬಿಡುವ ಆರ್‌ಸಿಯು ಬರೆಯಲಿಕ್ಕೇ ಏಳು ವಾರ. ಆಮೇಲೆ ತುಂಬಿದ ನೋಡ್ ಒಡೆಯುವಾಗ ಹೊಸ ನೋಡ್ ಬೇಕು, ಅದಕ್ಕೆ ಮೆಮೊರಿ ಕೊಡುವ ಸ್ಲ್ಯಾಬ್ ಖಾಲಿ. ಸ್ಲ್ಯಾಬ್ ಬೆಳೆಯಲು ಕರ್ನಲ್ ಮ್ಯಾಪಿಗೆ ಎಂಟ್ರಿ ಬೇಕು. ಆ ಮ್ಯಾಪೂ ಇದೇ ಟ್ರೀ, ಲಾಕ್ ನನ್ನ ಕೈಯಲ್ಲೇ. ಅಲ್ಲೇ ಡೆಡ್‌ಲಾಕ್. ಲಾಕ್ ಹಿಡಿಯುವ ಮೊದಲೇ ನೋಡ್ ತೆಗೆದಿಟ್ಟುಕೊಳ್ಳುವ ಹಾಗೆ ಮಾಡಲು ಇನ್ನೂ ನಾಲ್ಕು ವಾರ. ಈಗ ಗಮ್ಮತ್ತು ಓಡುತ್ತದೆ.

ಸುರತ್ಕಲ್ ಸೆಗ್‌ಫಾಲ್ಟ್: ಹನ್ನೊಂದು ವಾರ! ಆರ್‌ಬಿ ನೋಡ್ ವಿಎಂಎ ಹೊಟ್ಟೆಯೊಳಗೇ ಕೂತಿರುತ್ತದೆ, ಸೇರಿಸುವಾಗ ಮೆಮೊರಿ ಬೇಡುವ ಕರ್ಮವೇ ಇಲ್ಲ. ನನ್ನ ತಪ್ಪು ಅಂದಿರಲ್ಲ, 2023ರಲ್ಲಿ ನಿಮ್ಮ ಮೇಪಲ್ ಹಾಕಿದ ಲಿನಕ್ಸ್‌ನಲ್ಲಿ ಸಿಕ್ಕಿದ ಸ್ಟ್ಯಾಕ್‌ರಾಟ್ ಎಂಬ ಭದ್ರತಾ ಬಗ್ ಯಾರ ತಪ್ಪು?

ಕದ್ರಿ ಕರ್ನಲ್: ಓದಲು ಹಿಡಿಯುವ ರೀಡ್ ಲಾಕ್ ಮಾತ್ರ ಹಿಡಿದು ಸ್ಟ್ಯಾಕ್ ಬೆಳೆಸಿದವರದ್ದು. ಓದಿ ಬನ್ನಿ.

ಮಣಿಪಾಲ ಮ್ಯಾಪ್: ನಾನು ಲಿಸ್ಟ್ ಹಾಕಿ ಬೈಸಿಕೊಂಡವ. 140 ಸಾಲು, ಕಳೆದ ಸಲ ಸಿಕ್ಕಿದ ವಿಎಂಎ ನೆನಪಿಡಲು ಒಂದು ಪಾಯಿಂಟರ್, ಅಷ್ಟೇ. ವೈವಾದಲ್ಲಿ "ಇದೆಂತ, ಮೊದಲ ವರ್ಷದ ಲ್ಯಾಬಾ?" ಅಂತ ನಕ್ಕರು, ಹತ್ತು ಮಾರ್ಕು ಹೋಯ್ತು. ಟ್ರೀ ಹಾಕಿದ ಪಕ್ಕದ ಬ್ಯಾಚಿನದ್ದು ಅವರ ಕಣ್ಣೆದುರೇ ಪ್ಯಾನಿಕ್ ಆಯ್ತು, ಅವರಿಗೆ ಪೂರ್ತಿ ಮಾರ್ಕು! ಸುಳ್ಳು ಹೇಳುವುದಿಲ್ಲ, 16 ಎಂಬಿ ಹೀಪಿನಲ್ಲಿ ಒಂದು ಬಿಟ್ಟು ಒಂದು 4 ಕೆಬಿ ಪೇಜನ್ನು ಎಂಪ್ರೊಟೆಕ್ಟ್ ಮಾಡಿ ಅನುಮತಿ ಬದಲಿಸಿದಾಗ 4096 ವಿಎಂಎ ಆಗಿ, ಪೇಜ್ ಫಾಲ್ಟ್ ಫಾಲ್ಟಿಗೂ ಲಿಸ್ಟಿನ ತಲೆಯಿಂದ ಬಾಲದವರೆಗೆ ನಡಿಗೆ. ಗೋಳಿಬಜೆ ತಿಂದು ಬಂದರೂ ಟೆಸ್ಟ್ ಮುಗಿದಿರಲಿಲ್ಲ.

ಕದ್ರಿ ಕರ್ನಲ್: ಮಣಿಪಾಲದಲ್ಲಿ ಗೋಳಿಬಜೆಯಾ? ಅಗಿಯಲಿಕ್ಕೇ ಅಷ್ಟು ಹೊತ್ತು ಹಿಡಿದಿರಬೇಕು.

ಮಣಿಪಾಲ ಮ್ಯಾಪ್: ಮಂಗಳೂರಿನವರ ಜಂಬ ಗೋಳಿಬಜೆಗೂ ಬಂತಾ!

ಪ್ರಶ್ನೆ ಕೇಳಿದವ: ಅಣ್ಣಂದಿರೇ, ನನ್ನದು 30 ವಿಎಂಎ ಮಾತ್ರ...

ಸುರತ್ಕಲ್ ಸೆಗ್‌ಫಾಲ್ಟ್: 30ಕ್ಕೆ ಸಾರ್ಟ್ ಮಾಡಿದ ಅರೇ ಸಾಕು ತಮ್ಮಾ. ಕದ್ರಿಯವರೇ, ಓದಿ ಬಂದೆ. ಅದೇ ರೀಡ್ ಲಾಕ್ ಆರ್‌ಬಿಟ್ರೀ ಕಾಲದಲ್ಲೂ ಇತ್ತಲ್ಲ, ಆಗ ಯಾಕೆ ಒಡೆಯಲಿಲ್ಲ?