ಸಹಾಯ ಬೇಕು: ಜೆಲ್‌ನಲ್ಲಿ ಕಿಣ್ವ ಕಾಣುತ್ತದೆ, ಪ್ರೋಬ್ ಮಾತ್ರ ಹೊಳೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಚ್‌ಟಿ-1080 ಕ್ಯಾನ್ಸರ್ ಕೋಶಗಳು ಹೊರಗೆ ಬಿಡುವ ಎಂಎಂಪಿ-2, ಎಂಎಂಪಿ-9 ಎಂಬ, ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಫ್ಲೋರೆಸೆಂಟ್ (ಹೊಳೆಯುವ) ಪ್ರೋಬ್‌ನಿಂದ ಅಳೆಯಲು ಒಂದು ತಿಂಗಳಿಂದ ಒದ್ದಾಡುತ್ತಿದ್ದೇನೆ. ನನ್ನದು ಫ್ರೆಟ್ ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕಿನಂಥದ್ದು. ಒಂದು ತುದಿಯಲ್ಲಿ ಹೊಳೆಯುವ ಬಣ್ಣ, ಇನ್ನೊಂದು ತುದಿಯಲ್ಲಿ ಆ ಹೊಳಪನ್ನು ನುಂಗುವ ಅಣು. ಕಿಣ್ವ ನಡುವೆ ಕತ್ತರಿಸಿದರೆ ಬೆಳಕು ಬರಬೇಕು, ಅಲ್ವಾ?

ಮೊದಲು 10% ಸೀರಮ್ (ರಕ್ತದಿಂದ ತೆಗೆದ ದ್ರವ) ಇರುವ ಮೀಡಿಯಾದಲ್ಲೇ, ಅಂದರೆ ಕೋಶ ಬೆಳೆಸುವ ದ್ರವದಲ್ಲೇ ಮಾಡಿದೆ. ಪ್ಲೇಟಿನಲ್ಲಿ ಕೋಶಗಳೇ ಇಲ್ಲದ ಗುಂಡಿಯಲ್ಲೂ (ವೆಲ್) ಹೊಳಪು ಏರಿತು. ಸೀರಮ್‌ನಲ್ಲೇ ಬೇರೆ ಕಿಣ್ವಗಳಿರುತ್ತವೆ. ಜೊತೆಗೆ ಎಂಎಂಪಿಯನ್ನು ಹಿಡಿದು ಕಟ್ಟಿಹಾಕುವ ಆಲ್ಫಾ-2 ಮ್ಯಾಕ್ರೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಕೂಡ. ಹಾಗಾಗಿ ಈಗ ಸೀರಮ್, ಫೀನಾಲ್ ರೆಡ್ ಬಣ್ಣ ಎರಡೂ ಇಲ್ಲದ ಮೀಡಿಯಾದಲ್ಲಿ 24 ಗಂಟೆ ಇಡುತ್ತಿದ್ದೇನೆ. ಖಾಲಿ ಗುಂಡಿ ಸುಮ್ಮನಾಯಿತು. ಆದರೆ ಕೋಶಗಳಿರುವ ಗುಂಡಿಯದೂ ಹೆಚ್ಚುಕಡಿಮೆ ಅದೇ ಕಥೆ!

ಅದೇ ಮೀಡಿಯಾವನ್ನು ಜೆಲಾಟಿನ್ ಜೈಮೋಗ್ರಫಿಗೆ (ಕಿಣ್ವ ಜೆಲಾಟಿನ್ ಕರಗಿಸಿದ ಕಡೆ ಜೆಲ್ ತಿಳಿಯಾಗುವ ಪರೀಕ್ಷೆ) ಹಾಕಿದರೆ ನೀಲಿ ಜೆಲ್‌ನಲ್ಲಿ 92 ಮತ್ತು 72 ಕಿಲೋಡಾಲ್ಟನ್ ಹತ್ತಿರ ತಿಳಿ ಪಟ್ಟಿಗಳು ಎದ್ದು ಕಾಣುತ್ತವೆ. ಅವು ಇನ್ನೂ ಎಚ್ಚರಗೊಳ್ಳದ ಪ್ರೋ-ರೂಪ. ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಸೋಕಿದ ಮೇಲೆ ಜೆಲ್‌ನಲ್ಲಿ ಕೆಲಸ ಶುರು ಮಾಡುತ್ತವೆ. ಎಪಿಎಂಎ ಹಾಕಿ ಎಬ್ಬಿಸಬಹುದು, ಆದರೆ ಅದು ಪಾದರಸದ ಸಂಯುಕ್ತ. ಬದುಕಿರುವ ಕೋಶಗಳ ಮೇಲೆ ಹಾಕುವಂತಿಲ್ಲ. ನನಗೆ ಬೇಕಿರುವುದು ಜೀವಂತ ಕೋಶದ ಪಕ್ಕದಲ್ಲೇ ಅಳತೆ.

ಕಾನ್‌ಕನಾವಲಿನ್-ಎ ಎಂಬ ಸಸ್ಯ ಪ್ರೋಟೀನ್ ಕೊಟ್ಟು, ಕೋಶದ ಮೇಲಿನ ಎಂಟಿ1-ಎಂಎಂಪಿ ಎಂಬ ಇನ್ನೊಂದು ಕಿಣ್ವದಿಂದಲೇ ಎಂಎಂಪಿ-2 ಎಬ್ಬಿಸಿದವರು ಯಾರಾದರೂ ಇದ್ದೀರಾ? ಎಷ್ಟು ಹಾಕಿದಿರಿ, ಎಷ್ಟು ಹೊತ್ತು ಬಿಟ್ಟಿರಿ? ಕೋಶಗಳು ತಡೆದುಕೊಂಡವಾ? ಕಂಟ್ರೋಲ್‌ಗೆ ಎಂಎಂಪಿಗಳನ್ನು ತಡೆಯುವ ಜಿಎಂ6001 ನನ್ನ ಬಳಿ ಇದೆ. ಪ್ರೋಬ್ ಉಳಿದಿರುವುದು ಇನ್ನು ಎರಡೇ ಪ್ಲೇಟಿಗೆ, ದಯವಿಟ್ಟು ಮಾಡಿ ನೋಡಿದವರು ಹೇಳಿ.